ಸಹಾಯ ಬೇಕು: ಡೊಮೇನ್ ಗೋಡೆಯನ್ನು ನಡುವೆ ನಿಲ್ಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿನಿ. ಮೆದುಳಿನ ಮಾದರಿಯ ಗಣನೆಗೆ ಸ್ಪಿಂಟ್ರಾನಿಕ್ (ಎಲೆಕ್ಟ್ರಾನಿನ ಸ್ಪಿನ್ ಗುಣವನ್ನು ಬಳಸುವ) ಸಾಧನಗಳ ಬಳಕೆ ನನ್ನ ಪ್ರಾಜೆಕ್ಟ್‌ನ ವಿಷಯ.

ಕಾಂತೀಯ ಸುರಂಗ ಸಂಧಿಯಲ್ಲಿ ಎರಡು ಕಾಂತೀಯ ಪದರಗಳ ನಡುವೆ ಸುಮಾರು 1 ನ್ಯಾನೋಮೀಟರ್ ದಪ್ಪದ ಮೆಗ್ನೀಸಿಯಮ್ ಆಕ್ಸೈಡ್ ಇದ್ದು, ಪದರಗಳ ಕಾಂತೀಯ ದಿಕ್ಕು ಒಂದೇ ಆಗಿದ್ದಾಗ ರೋಧ ಕಡಿಮೆ, ವಿರುದ್ಧವಾಗಿದ್ದಾಗ ಹೆಚ್ಚು ಎಂಬುದು ನಿಮಗೆ ತಿಳಿದೇ ಇದೆ. ಕೆಳಗಿನ ಪದರವನ್ನು ಉದ್ದನೆಯ ಪಟ್ಟಿಯಾಗಿಸಿ, ಅದರೊಳಗಿನ ಡೊಮೇನ್ ಗೋಡೆಯನ್ನು (ಬೇರೆ ಬೇರೆ ಕಾಂತೀಯ ದಿಕ್ಕಿನ ಭಾಗಗಳ ನಡುವಿನ ಗಡಿಯನ್ನು) ವಿದ್ಯುತ್ ಸ್ಪಂದದಿಂದ ಸ್ವಲ್ಪ ಸ್ವಲ್ಪವೇ ಸರಿಸಿದರೆ ನಡುವಿನ ರೋಧಗಳೂ ಸಿಗುತ್ತವೆ. ನರಕೋಶಗಳ ಸಂಪರ್ಕದ ಬಲದಂತೆ ಅವುಗಳನ್ನು ಸಾಧನದಲ್ಲಿ ಉಳಿಸಿಡಬಹುದು.

ಇದನ್ನು ಕಂಪ್ಯೂಟರ್ ಸಿಮ್ಯುಲೇಶನ್ನಿನಲ್ಲಿ ಮಾಡಿ ನೋಡುತ್ತಿದ್ದೇನೆ. ತೊಡಕು ಇಲ್ಲಿದೆ. ಗೋಡೆ ನಿಲ್ಲಲೆಂದು ಪಟ್ಟಿಯ ಅಂಚಿನಲ್ಲಿ ಕಚ್ಚುಗಳನ್ನು ಕೊಟ್ಟಿದ್ದೇನೆ. ಸ್ಪಂದ ಕೊಟ್ಟರೆ ಗೋಡೆ ನಡುವಿನ ಕಚ್ಚುಗಳನ್ನೆಲ್ಲ ದಾಟಿ ತುದಿಗೇ ಹೋಗುತ್ತದೆ, ಪ್ರವಾಹ ತಗ್ಗಿಸಿದರೆ ಕದಲುವುದೇ ಇಲ್ಲ. ಪಟ್ಟಿಯ ವಸ್ತುವಾದ ನಿಕಲ್-ಕಬ್ಬಿಣದ ಮಿಶ್ರಲೋಹ ಪರ್ಮಲಾಯ್‌ನ ವಿನಿಮಯ ಉದ್ದ (ಕಾಂತೀಯ ದಿಕ್ಕು ಗಮನಾರ್ಹವಾಗಿ ಬದಲಾಗಲು ಬೇಕಾದ ದೂರ) ಸುಮಾರು 5 ನ್ಯಾನೋಮೀಟರ್ ಆದ್ದರಿಂದ, ಲೆಕ್ಕಕ್ಕಾಗಿ ಪಟ್ಟಿಯನ್ನು ವಿಭಾಗಿಸಿದ ಕೋಶದ ಅಳತೆಯನ್ನು ಅದಕ್ಕಿಂತ ಚಿಕ್ಕದಾಗಿಯೇ ಇಟ್ಟಿದ್ದೇನೆ. ದೋಷ ಅಲ್ಲಿರಲಾರದು ಎಂದು ನನ್ನ ಅನಿಸಿಕೆ. ಪ್ರಯೋಗಾಲಯದಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಾರಣ, ಅದು ಬೇಕೇ ಬೇಕಾದ ಸಿಮ್ಯುಲೇಶನ್ ತಂತ್ರಾಂಶ ಮುಮ್ಯಾಕ್ಸ್ ಬಿಟ್ಟು, ಸಾಮಾನ್ಯ ಪ್ರೊಸೆಸರಿನಲ್ಲೇ ನಡೆಯುವ ಊಮ್ಫ್ ಬಳಸುತ್ತಿದ್ದೇನೆ (ತಾಳ್ಮೆ ಬೇಕು!).

ಸ್ಪಂದದ ಅವಧಿಯನ್ನು ಕಡಿಮೆ ಮಾಡಬೇಕೋ, ಕಚ್ಚಿನ ಆಳವನ್ನು ಬದಲಿಸಬೇಕೋ, ಅಥವಾ ಕೋಣೆಯ ಉಷ್ಣತೆಯಲ್ಲಿ ಶಾಖದಿಂದಾಗುವ ಕಾಂತೀಯ ಏರಿಳಿತವನ್ನು ಸೇರಿಸಿದ ಮೇಲೆಯೇ ಇದನ್ನು ನಿರ್ಧರಿಸಬೇಕೋ, ಅನುಭವವಿದ್ದವರು ದಯವಿಟ್ಟು ತಿಳಿಸಿ. ಇನ್‌ಪುಟ್ ಕಡತವನ್ನು ಕೇಳಿದವರಿಗೆ ಕಳುಹಿಸುತ್ತೇನೆ.