ಸಹಾಯ ಬೇಕು: ಗೋವಾ ನಂಬರಿನ ಹಳೇ ಸ್ಕೂಟರ್, ಕಾರವಾರದಲ್ಲಿ ಹೆಸರು ಬದಲಾವಣೆ

ಮಾಜಾಳಿ ಇಂಜಿನಿಯರಿಂಗ್ ಕಾಲೇಜಿಗೆ ಓಡಾಡೋಕೆ ಸೆಕೆಂಡ್ ಹ್ಯಾಂಡ್ ಆಕ್ಟಿವಾ ನೋಡಿದ್ದೇವೆ. 2019ರ ಮಾಡೆಲ್, ಜಿಎ ನಂಬರ್, ಮಾಲೀಕರು ಮಡಗಾಂವದವರು. ಕಾಲಡಿಯ ಮ್ಯಾಟ್ ಕೆಳಗೆ, ಸೆಂಟರ್ ಸ್ಟ್ಯಾಂಡ್ ಕೂಡೋ ಜಾಗ, ಸೈಲೆನ್ಸರ್ ತಳ ಎಲ್ಲ ಕಡೆ ತುಕ್ಕು ಪರೀಕ್ಷೆ ಆಯ್ತು. (ಉಪ್ಪುಗಾಳಿ ಊರಿನ ಗಾಡಿಗೆ ಇಂಜಿನ್‌ಗಿಂತ ಮೊದಲು ಇದನ್ನೇ ನೋಡಬೇಕು, ಹೊಸ ಪೇಂಟ್ ನಂಬಬೇಡಿ.) ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತೆ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ, ದಂಡ ಬಾಕಿ ಇಲ್ಲ.

ತೊಡಕು ಕಾಗದದ್ದು. ಮಾಲೀಕರು ಗಾಡಿಗೆ ಮಾಡಿದ್ದ ಸಾಲ ತೀರಿದೆ. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ), ಆರ್‌ಸಿಯಿಂದ ಸಾಲದ ನಮೂದು ತೆಗೆಸೋಕೆ ಬ್ಯಾಂಕ್ ಸಹಿ ಆದ ಫಾರ್ಮ್ 35 ಎರಡೂ ಇವೆ, ಆದ್ರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇದೆ. ಗೋವಾ ಆರ್‌ಟಿಒ ಎನ್‌ಒಸಿಗೆ ಫಾರ್ಮ್ 28, ಹೆಸರು ಬದಲಿಸೋಕೆ 29 ಮತ್ತು 30, ಇಲ್ಲಿ ಕೆಎ-30 (ಕಾರವಾರದ) ನಂಬರಿಗೆ ಫಾರ್ಮ್ 27, ಜೊತೆಗೆ ಲೈಫ್ ಟ್ಯಾಕ್ಸ್. ಇಷ್ಟು ಗೊತ್ತು.

ಒಬ್ಬ ಏಜೆಂಟ್, ಸಾಲದ ನಮೂದು ಗೋವಾದಲ್ಲೇ ತೆಗೆಸಿ ಆಮೇಲೆ ಫಾರ್ಮ್ 28 ಹಾಕಿ ಅಂತಾನೆ. ಇನ್ನೊಬ್ಬ, ಎಲ್ಲ ಕಾರವಾರದಲ್ಲೇ ಒಟ್ಟಿಗೆ ಆಗುತ್ತೆ ಅಂತಾನೆ. ಎರಡನೇದು ಸುಳ್ಳಾದ್ರೆ ದುಡ್ಡು ಕೊಟ್ಟ ಮೇಲೆ ಮಾರಿದವರನ್ನ ಮತ್ತೆ ಮಡಗಾಂವದಲ್ಲಿ ಹಿಡಿಯಬೇಕು.

ಇತ್ತೀಚೆಗೆ ಗೋವಾ ಗಾಡಿಯನ್ನ ಕೆಎ-30 ಮಾಡಿಸಿದವರು ಹೇಳಿ: ಫಾರ್ಮ್ 35 ಕೊಟ್ಟಿದ್ದು ಗೋವಾದಲ್ಲೋ, ಕಾರವಾರದಲ್ಲೋ? ಮಾಲೀಕರು ಖುದ್ದು ಇಲ್ಲಿಗೆ ಬರಬೇಕಾಯ್ತಾ?