700ರ ಪ್ಲೇಟ್ ಬಗ್ಗಿಸಿದ್ರ ಸೀಳಾಕತ್ತೈತಿ, ಯಾರಿಗರ ಅನುಭವ ಐತೇನ್ರಿ?

ಗೋಕುಲ ರೋಡ್, ಹುಬ್ಬಳ್ಳಿ:
ಟ್ರ್ಯಾಕ್ಟರ್ ಟ್ರೇಲರ್ ಬಾಡಿ ಮಾಡ್ತೇವ್ರಿ. ತೂಕ ಇಳಸಾಕಂತ ಮೈಲ್ಡ್ ಸ್ಟೀಲ್ ಬಿಟ್ಟು 700 ಎಂಪಿಎ ಯೀಲ್ಡಿನ (ಅಷ್ಟು ಒತ್ತಡದ ತನಕ ಖಾಯಂ ಬಾಗದ) 6 ಎಂಎಂ ಉಕ್ಕಿನ ಪ್ಲೇಟ್ ತಂದೇವಿ. ಪ್ರೆಸ್ ಬ್ರೇಕಿಗೆ (ಪ್ಲೇಟ್ ಒತ್ತಿ ಬಗ್ಗಿಸೋ ಮಷೀನ್) ಹಾಕಿದ್ರ ಬಾಗಿನ ಹೊರಮೈ ಸೀಳಾಕತ್ತೈತಿ. ಗ್ಯಾಸ್‌ಲೆ ಕೆಂಪಗ ಕಾಸಿ ಬಗ್ಗಿಸಲೇನ್ರಿ?

ತಾರಿಹಾಳ:
ಕಾಸಬ್ಯಾಡ್ರಿ ಅಣ್ಣಾರ. ಮಿಲ್ಲಿನ್ಯಾಗ ಉಷ್ಣ ಹಿಡಿತದಾಗಿಟ್ಟು ರೋಲ್ ಮಾಡಿ ಸಣ್ಣ ಕಣದ ರಚನೆ ತಂದಿರ್ತಾರ, ಬಲ ಅದರಿಂದ. ಕೆಂಪಗ ಕಾಸಿದ್ರ ಆ ರಚನೆ ಕೆಡ್ತೈತಿ, ತಣ್ಣಗಾದ ಮ್ಯಾಲೆ ಮೊದಲಿನ ಬಲ ತಿರುಗಿ ಬರಂಗಿಲ್ಲ.

ಬೈಂಡಿಂಗ್ ವೈರ್ ಅತ್ಲಾಗ ಇತ್ಲಾಗ ಬಗ್ಗಿಸಿ ನೋಡ್ರಿ. ಮೊದಲ ಮೆತ್ತಗ ಬಾಗ್ತೈತಿ, ಆಮ್ಯಾಲೆ ಅದ ಜಾಗಾ ಬಿರುಸಾಗ್ತೈತಿ, ಕಡೀಕ ಟಕ್ ಅಂತ ಮುರೀತೈತಿ. ಉಕ್ಕಿನ ಹರಳಿನ್ಯಾಗ ಪರಮಾಣು ಸಾಲು ತಪ್ಪಿದ ಗೆರಿ ಇರ್ತಾವ, ಡಿಸ್‌ಲೊಕೇಶನ್ ಅಂತಾರ. ಅವು ಸರಿದ್ರ ಉಕ್ಕು ಬಾಗ್ತೈತಿ. ತಣ್ಣಗ ಬಗ್ಗಿಸಿದಂಗ ಅವು ಹೆಚ್ಚಾಗಿ ಒಂದಕ್ಕೊಂದು ಸಿಕ್ಕೊಂಡು ನಿಲ್ತಾವ. ಬಲ ಏರ್ತೈತಿ, ಹಿಗ್ಗೋ ಗುಣ ಇಳೀತೈತಿ. ನಿಮ್ಮ ಪ್ಲೇಟಿಗೆ ಹಿಗ್ಗೋ ಗುಣ ಮೊದಲ ಕಮ್ಮಿ, ಚೂಪಗ ಮಡಚಿದ್ರ ಹೆಂಗ ತಡೀತೈತಿ?

ನಾ 6 ಎಂಎಂಗೆ ಬಾಗಿನ ಒಳತ್ರಿಜ್ಯ 12 ಎಂಎಂ ಇಡ್ತೀನಿ, ವಿ-ಡೈ (ಕೆಳಗಿನ ವಿ ಆಕಾರದ ಅಚ್ಚು) ಬಾಯಿನೂ ಅಗಲ. ಬಾಗೋ ಗೆರಿ ರೋಲಿಂಗ್ ದಿಕ್ಕಿಗೆ ಅಡ್ಡ ಬರಬೇಕು. ಮತ್ತ ಶಿಯರ್‌ದಾಗ ಕತ್ತರಿಸಿದ ಅಂಚು ಕತ್ತರಿಸುವಾಗಲೇ ಬಿರುಸಾಗಿರ್ತೈತಿ. ಗ್ರೈಂಡರ್ ಹಿಡಿದು ಬರ್ (ಅಂಚಿಗೆ ಎದ್ದ ಚೂಪನ ಮುಳ್ಳು) ತೆಗೀರಿ, ಮೂಲಿ ಗುಂಡಗ ಮಾಡ್ರಿ. ಬರ್ ಇದ್ದ ಮೈ ಪಂಚ್ (ಮ್ಯಾಲಿಂದ ಒತ್ತೋ ಅಚ್ಚು) ಕಡೆ ಇರಲಿ.

ಹಾವೇರಿ, ಸರಳು ಬಗ್ಗಿಸೋ ಕೆಲಸ:
ಟಿಎಂಟಿಗೂ (ಕಾಂಕ್ರೀಟಿಗೆ ಹಾಕೋ ಸರಳು) ಇದ ಮಾತು ರೀ. ತಪ್ಪಿ ಬಗ್ಗಿಸಿದ ಸರಳು ನೆಟ್ಟಗ ಮಾಡಿ ಮತ್ತ ಬಗ್ಗಿಸಬ್ಯಾಡ್ರಿ. ದಿನಾ ಕಳದಂಗ ಇಂಗಾಲ, ಸಾರಜನಕ ಆ ಡಿಸ್‌ಲೊಕೇಶನ್ ಗೆರಿಗೋಳಿಗೆ ಬಂದು ಕೂತು ಇನ್ನೂ ಬಿರುಸು ಮಾಡ್ತಾವ. ಸರಳಿನ ಭಾರತೀಯ ಮಾನಕ ಐಎಸ್ 1786ರ ರಿಬೆಂಡ್ (ತಿರುಗಿ ಬಗ್ಗಿಸೋ) ಟೆಸ್ಟಿನ್ಯಾಗ ಬಗ್ಗಿಸಿದ ಸರಳನ್ನ ಅರ್ಧ ತಾಸು ಕುದಿಯೋ ನೀರಾಗ ಇಟ್ಟು ಆಮ್ಯಾಲೆ ಹಿಂದಕ್ಕ ಬಗ್ಗಸ್ತಾರ. ಆ ಬಿರುಸು ಲಗೂನ ಬರಲಿ ಅಂತನ ಹಂಗ ಮಾಡೋದು.

ಗೋಕುಲ ರೋಡ್, ಹುಬ್ಬಳ್ಳಿ:
ನೋಡಿದೆ ಅಣ್ಣಾರ. ನಮ್ಮ ಪಂಚಿನ ಮೂತಿ ತ್ರಿಜ್ಯ ಬರೇ 3 ಎಂಎಂ. ಸೀಳೆಲ್ಲಾ ಬರ್ ಇದ್ದ ಅಂಚಿನಿಂದನ ಸುರು ಆಗ್ಯಾವು. ಒಂದು ತುಂಡಿನ ಅಂಚು ತಿಕ್ಕಿ, ಅಡ್ಡ ದಿಕ್ಕಿಗಿಟ್ಟು, 12ರ ಪಂಚಿಲೆ ಬಗ್ಗಿಸಿದ್ವಿ, ಸೀಳಲಿಲ್ಲ. ಆದ್ರ ಬಿಟ್ಟ ಕೂಡ್ಲೆ ಬಾಳ ಬಿಚ್ಚಿಕೊಳ್ತೈತಿ, 90 ಡಿಗ್ರಿ ಸಿಗಬೇಕಂದ್ರ 82ರ ತನಕ ಒತ್ತಬೇಕಾತು.