‘ರಕ್ತ ಹೆಪ್ಪುಗಟ್ಟುವ ತೊಂದರೆ’ ಅಂದರೆ ಯಾವುದು?

ಉಡುಪಿ ಕಡೆ ನಾಯಿ, ಬೆಕ್ಕು ಸಾಕುವವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಮೊದಲ ಸಾಲಿಗೇ ಪದ ಬೇಕು. ‘ರಕ್ತ ಹೆಪ್ಪುಗಟ್ಟುವ ತೊಂದರೆ’ ಅಂತ ಬರೆದರೆ ಎಲ್ಲೋ ರಕ್ತ ಗಟ್ಟಿಯಾಗಿ ಕೂತಿದೆ ಅಂತಲೇ ಓದುತ್ತಾರೆ, ಅಲ್ವಾ? ನಾನು ಹೇಳಬೇಕಾದದ್ದು ಅದರ ಉಲ್ಟಾ: ನೆತ್ತರು ಹೆಪ್ಪುಗಟ್ಟುವುದೇ ಇಲ್ಲ.

ಎರಡೂ ನಿಜವಾದ ಕಾಯಿಲೆಗಳೇ. ಹೃದಯದ ಕಾಯಿಲೆ ಇರುವ ಬೆಕ್ಕಿಗೆ ಕೆಲವೊಮ್ಮೆ ಹಿಂಗಾಲಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಕಾಲು ತಣ್ಣಗಾಗಿ ಸ್ವಾಧೀನ ತಪ್ಪುತ್ತದೆ. ಅದಕ್ಕೆ ಹೆಪ್ಪು ತಡೆಯುವ ಮದ್ದು. ಇಲಿ ಪಾಷಾಣ ತಿಂದು ನೆತ್ತರು ಹೆಪ್ಪುಗಟ್ಟದ ನಾಯಿಗೆ ಅದೇ ಮದ್ದು ಕೊಟ್ಟರೆ ಜೀವಕ್ಕೇ ಅಪಾಯ.

‘ಇಲಿ ಪಾಷಾಣ’ ಅನ್ನುವ ಹೆಸರೂ ಸಾಲದು. ಇಲಿಗೆಂದು ತೆಂಗಿನ ಮಂಡೆಯಲ್ಲಿ ಇಡುವ ಬ್ರೊಮಾಡಿಯೊಲೋನ್ ಬಿಲ್ಲೆ ಮೈಯಲ್ಲಿ ವಿಟಮಿನ್ ಕೆ ಮರುಬಳಕೆ ಆಗದ ಹಾಗೆ ತಡೆಯುತ್ತದೆ, ಅದಿಲ್ಲದೆ ಲಿವರ್‌ನಲ್ಲಿ ಹೆಪ್ಪಿಗೆ ಬೇಕಾದ 2, 7, 9, 10ನೇ ಅಂಶಗಳು ಸರಿಯಾಗಿ ತಯಾರಾಗುವುದಿಲ್ಲ. ಕೆಳಗೆ ಬಿದ್ದ ಬಿಲ್ಲೆ ತಿಂದ ನಾಯಿ ಮೂರ್ನಾಲ್ಕು ದಿನ ಆರಾಮಾಗಿ ಓಡಾಡುತ್ತದೆ. ಆಮೇಲೆ ಒಸಡು ಬಿಳಿಚುತ್ತದೆ, ಎದೆಯೊಳಗೆ ನೆತ್ತರು ತುಂಬಿ ಏದುಸಿರು ಶುರು. ವಿಟಮಿನ್ ಕೆ1 ವಾರಗಟ್ಟಲೆ ಕೊಡಬೇಕು. ಅಂಗಡಿಯಲ್ಲಿ ಅದೇ ಹೆಸರಿಗೆ ಸಿಗುವ ಝಿಂಕ್ ಫಾಸ್ಫೈಡ್ ಪುಡಿಯ ಕತೆ ಬೇರೆ, ಅದಕ್ಕೆ ಕೆ1 ಕೊಟ್ಟು ಪ್ರಯೋಜನವಿಲ್ಲ. ಹಾಗಾಗಿ ಪೊಟ್ಟಣ ಎತ್ತಿಟ್ಟುಕೊಂಡು ಡಾಕ್ಟರಿಗೆ ತೋರಿಸಿ ಅಂತ ದಪ್ಪಕ್ಷರದಲ್ಲಿ ಹಾಕುತ್ತೇನೆ.

ನಮ್ಮಲ್ಲಿ ಜಾಸ್ತಿ ಕಾಣುವುದು ಉಣ್ಣಿಯಿಂದ ಬರುವ ಎರ್ಲಿಕಿಯಾ ಜ್ವರ. ಹೊಟ್ಟೆಯ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ, ಮೂಗಿನಲ್ಲಿ ನೆತ್ತರು. ಇಲ್ಲಿ ಕಡಿಮೆಯಾಗುವುದು ಪ್ಲೇಟ್‌ಲೆಟ್. ಡೆಂಗಿ ಬಂದ ಮೇಲೆ ಈ ಪದ ಎಲ್ಲರಿಗೂ ಗೊತ್ತು, ಸುಮ್ನೆ ಹೊಸ ಪದ ಕಟ್ಟುವುದು ಬೇಡ.

ನನಗೆ ತಲೆನೋವಾಗಿರುವುದು ಕೊಳಕುಮಂಡಲ ಹಾವು. ಅದರ ವಿಷ ಮೊದಲು ಹೆಪ್ಪುಗಟ್ಟಿಸುತ್ತದೆ, ಹೆಪ್ಪಿನ ಅಂಶಗಳೆಲ್ಲ ಖರ್ಚಾದ ಮೇಲೆ ನೆತ್ತರು ನಿಲ್ಲುವುದೇ ಇಲ್ಲ. ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟರೂ ನೀರಾಗಿಯೇ ಇರುತ್ತದೆ. ಇದು ಯಾವ ಹೆಸರಿನ ಕೆಳಗೆ ಬರಬೇಕು?

ಸದ್ಯಕ್ಕೆ ‘ನೆತ್ತರು ಹೆಪ್ಪುಗಟ್ಟದ ಕಾಯಿಲೆ’, ‘ನಾಳದೊಳಗೆ ಹೆಪ್ಪುಗಟ್ಟುವ ಕಾಯಿಲೆ’ ಅಂತ ಎರಡು ಮಾಡಿಕೊಂಡಿದ್ದೇನೆ. ಮಂಡಲದ ವಿಷವನ್ನು ಮೊದಲನೆಯದರಲ್ಲೇ ಸೇರಿಸುವ ಯೋಚನೆ, ಯಾಕೆಂದರೆ ಮನೆಯವರ ಕಣ್ಣಿಗೆ ಬೀಳುವುದು ನೆತ್ತರು ನಿಲ್ಲದಿರುವುದೇ. ತುಳುವಿನಲ್ಲಿ ‘ನೆತ್ತೆರ್ ಉಂತುಜಿ’ (ನೆತ್ತರು ನಿಲ್ಲುವುದಿಲ್ಲ) ಅಂದರೆ ಸಾಕು. ಕುಂದಾಪುರ ಕಡೆಯವರು, ಹವ್ಯಕರು ಏನು ಹೇಳುತ್ತೀರಿ?